ಅಗಸಿ ತನಕ ಡಾಂಬರು

ಗದಗ ಜಿಲ್ಲೆಯ ಎರೆಭೂಮಿಯ ಒಂದು ಊರು. ಹೆಸರು ಕಟಾವಿಗೆ ಬಂದ ಹೊತ್ತಿಗೆ ಸರಿಯಾಗಿ ಮಳೆ ಹಿಡಿದು, ಈಗಷ್ಟೇ ಹೊಳವಾಗಿದೆ. ಅಗಸಿಯ ಕಟ್ಟೆಯ ಮೇಲೆ ಕೂತು ಮಾತಾಡುತ್ತಿರುವವರು ಇಬ್ಬರು. ಒಬ್ಬರು ಎಪ್ಪತ್ತು ದಾಟಿದ ರೈತ. ಇನ್ನೊಬ್ಬಳು ಅವರ ಅಣ್ಣನ ಮಗಳು. ಧಾರವಾಡದಲ್ಲಿ ಕೃಷಿ ಅರ್ಥಶಾಸ್ತ್ರ ಓದಿ, ಹಳ್ಳಿಯ ರಸ್ತೆಗಳ ಮೇಲೆ ಸಂಶೋಧನೆ ಮಾಡುತ್ತಿರುವವಳು. ರಸ್ತೆ ಬೇಕು ಅನ್ನುವುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ರಸ್ತೆ ಬಂದ ಮಾತ್ರಕ್ಕೆ ಒಕ್ಕಲುತನ ಚೇತರಿಸುತ್ತದೆಯೇ ಅನ್ನುವಲ್ಲಿ ಜಗಳ.

ಕಾಕಾ: ರಸ್ತಾದಿಂದ ಒಕ್ಕಲುತನಕ್ಕ ಏನೂ ಆಗಿಲ್ಲಂತ ಬರಿಯಾಕ ಹೊಂಟೀಯಂತಲ್ಲ? ನಿಮ್ಮಪ್ಪ ಹೇಳಿದ.

ಮಗಳು: ಏನೂ ಆಗಿಲ್ಲಂತ ಎಲ್ಲಿ ಅಂದೆ ಕಾಕಾ? ಸರಕಾರ ಹೇಳಿದಷ್ಟು ಆಗಿಲ್ಲ ಅಂದೆ. ಹೇಳಿದ್ದು ಒಂದು, ಆದದ್ದು ಇನ್ನೊಂದು.

ಕಾಕಾ: ಹಂಗಾದ್ರ ಮೊದಲ ನನ್ನ ಮಾತು ಬರಕೋ. ಈ ರಸ್ತಾ ಆಗೂಕಿಂತ ಮೊದಲ, ಶ್ರಾವಣದಾಗ ಮಳಿ ಹಿಡೀತಂದ್ರ ಊರಿಂದ ಹೊರಗ ಹೋಗಾಕ ದಾರಿನ ಇರತಿದ್ದಿಲ್ಲ. ಎರಿ ಮಣ್ಣು ಹಸಿ ಆದಮ್ಯಾಲ ಬಿಡತೈತೇನು? ನಾಕು ಮಾರು ಹೋಗೂದ್ರಾಗ ಚಕ್ಕಡಿ ಗಾಲಿ ಅಂಬೂದು ಮಣ್ಣಿನ ಗುಂಡು ಆಗತಿತ್ತು. ಒಬ್ಬ ಎತ್ತು ಹೊಡಿಯಾಂವ, ಇನ್ನೊಬ್ಬ ಕುರ್ಪಿ ಹಿಡಕೊಂಡು ಗಾಲಿ ಕೆರಿಯಾಂವ. ಎರಡು ಜೋಡಿ ಎತ್ತು ಕಟ್ಟಿ ಒಂದು ಚಕ್ಕಡಿ ಹೆಸರು ದೊಡ್ಡ ರಸ್ತಾಕ್ಕ ಮುಟ್ಟಸೂದ್ರಾಗ ಹೊತ್ತು ಮುಳಗತಿತ್ತು. ಅಲ್ಲಿಂದ ಗದಗಿಗೆ ಲಾರಿ ಸಿಕ್ಕರ ಸಿಕ್ತು, ಇಲ್ಲಂದ್ರ ಚೀಲದ ಮ್ಯಾಲ ಮಲಗೂದು. ಅದಕ್ಕ ಯಾರೂ ಒಯ್ಯತಿದ್ದಿಲ್ಲ. ಯಾಪಾರಿ ಊರಿಗೇ ಬರತಿದ್ದ. ಈ ಕಟ್ಟಿ ಮ್ಯಾಲ ಕುಂತು ಮೋಡ ನೋಡತಿದ್ದ. ಮೋಡ ಎಷ್ಟು ಕರ್ರಗ ಆಗತಾವೋ ಅವನ ರೇಟು ಅಷ್ಟು ಕೆಳಗ ಇಳಿಯೂದು.

ಮಗಳು: ಈಗ?

ಕಾಕಾ: ಈಗ ಫೋನ್ ಮಾಡಿದ್ರ ಟಂಟಂ ಬಂದು ಅಗಸ್ಯಾಗ ನಿಲ್ಲತೈತಿ. ಮುಂಜಾನಿ ಹೇರಿದ್ರ ಮಧ್ಯಾಹ್ನದಾಗ ಗದಗ ಎಪಿಎಂಸಿಯೊಳಗ ಟೆಂಡರಿಗೆ ಹಚ್ಚತೀನಿ. ಧಾರಣಿ ಮನಸ್ಸಿಗೆ ಬರಲಿಲ್ಲಂದ್ರ ದಲಾಲಿ ಅಂಗಡ್ಯಾಗ ಚೀಲ ಇಟ್ಟು ಬರತೀನಿ. ‘ಇಲ್ಲ, ಈ ರೇಟಿಗೆ ಕೊಡೂದಿಲ್ಲ’ ಅನ್ನೂ ತಾಕತ್ತು ನನಗ ಈ ರಸ್ತಾದಿಂದ ಬಂತು. ಇದನ್ನ ನಿನ್ನ ಲೆಕ್ಕದಾಗ ಎಲ್ಲಿ ಬರೀತಿ?

ಮಗಳು: ಬರಿಯೂದು ಕಷ್ಟ, ಒಪ್ಪತೀನಿ. ನಾ ಓದಿದ್ದೂ ಒಂದೀಟು ಕೇಳ್ರಿ. 2000ದ ಡಿಸೆಂಬರ್ 25ಕ್ಕ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಸುರು ಆತು. ಬಯಲುನಾಡಿನಾಗ 500 ಮಂದಿ ಇರೂ ಜನವಸತಿಗೆ, ಗುಡ್ಡಗಾಡು, ಮರುಭೂಮಿ, ಬುಡಕಟ್ಟಿನವರ ಪ್ರದೇಶದಾಗ 250 ಮಂದಿ ಇದ್ರೂ, ವರ್ಷದ ಎಲ್ಲಾ ಕಾಲಕ್ಕ ನಡಿಯೂವಂಥ ರಸ್ತೆ ಕೊಡಬೇಕಂತ ನಿಯಮ. ಸ್ಯಾಮ್ ಆಶರ್, ಪಾಲ್ ನೊವೊಸಾಡ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಆ ನಿಯಮನ ಹಿಡಕೊಂಡು ಲೆಕ್ಕ ಹಾಕಿದ್ರು. 490 ಮಂದಿ ಇರೂ ಊರಿಗೂ 510 ಮಂದಿ ಇರೂ ಊರಿಗೂ ಮತ್ತೇನ ಫರಕ ಇರತೈತಿ? ಒಂದಕ್ಕ ರಸ್ತೆ ಬರತೈತಿ, ಒಂದಕ್ಕ ಬರೂದಿಲ್ಲ, ಅಷ್ಟ. ಹಂಗ 11 ಸಾವಿರಕ್ಕೂ ಮಿಕ್ಕಿದ ಊರು ಹೋಲಿಸಿ 2020ರಾಗ ಪ್ರಕಟ ಮಾಡಿದ್ರು. ರಸ್ತೆ ಆಗಿ ನಾಕು ವರ್ಷಕ್ಕ ಬೆಳಿಯೊಳಗ, ಆದಾಯದೊಳಗ, ಆಸ್ತಿಯೊಳಗ ಹೇಳಿಕೊಳ್ಳೂವಂಥ ಬದಲಾವಣೆ ಏನೂ ಕಾಣಲಿಲ್ಲ. ಎದ್ದು ಕಂಡದ್ದು ಒಂದ. ದುಡಿಯೂ ನೂರು ಮಂದ್ಯಾಗ ಹತ್ತಿರ ಹತ್ತಿರ ಹತ್ತು ಮಂದಿ ಹೊಲದ ಕೆಲಸ ಬಿಟ್ಟು ಬ್ಯಾರೆ ಕೂಲಿಗೆ ಹೋಗಿದ್ರು.

ಕಾಕಾ: ಆ ಊರುಗಳ ಒಳಗ ನಮ್ಮ ಕಡೀವು ಇದ್ವೇನು?

ಮಗಳು: ಇಲ್ಲ. ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ, ರಾಜಸ್ಥಾನ, ಒಡಿಶಾ, ಛತ್ತೀಸಗಡ, ಇಷ್ಟ. ಕರ್ನಾಟಕ ಅದರಾಗ ಇಲ್ಲ.

ಕಾಕಾ: ಮ್ಯಾಲ ನಾಕ ವರ್ಷ ಅಂತೀ. ನಮ್ಮ ಕಡೆ ನಾಕು ವರ್ಷದಾಗ ಎರಡು ಬರಗಾಲಕ್ಕ ಹೋಗತಾವ. ರಸ್ತಾ ಬಂತಂತ ಮರುವರ್ಷನ ಯಾರೂ ಬೆಳಿ ಬದಲಿ ಮಾಡೂದಿಲ್ಲವಾ. ಮೊದಲ ಒಬ್ಬ ಧೈರ್ಯ ಮಾಡತಾನ. ಉಳಿದವರು ಅವನ ಬದುವಿನ ಮ್ಯಾಲ ನಿಂತು ಎರಡು ಹಂಗಾಮು ನೋಡತಾರ. ಅವಗ ಬದುಕಾಕ ಬಂದ್ರ ಆಮ್ಯಾಲ ಕೈ ಹಾಕತಾರ. ನಮ್ಮೂರಾಗ ಉಳ್ಳಾಗಡ್ಡಿ ಹಂಗ ಬಂತು. ಮೊದಲ ಅದನ್ನ ಯಾರು ಹಚ್ಚತಿದ್ರು? ಕಿತ್ತ ಗಡ್ಡಿ ಮಳಿಯೊಳಗ ನಾಕು ದಿನ ಬಿದ್ರ ಕೊಳೀತು. ಈಗ ಲಾರಿ ಊರಿಗೇ ಬಂದು ತುಂಬಿಕೊಂಡು ಬೆಳಗಾಗೂದ್ರಾಗ ಯಶವಂತಪುರ ಮುಟ್ಟತೈತಿ. ನಿನ್ನ ಅರ್ಥಶಾಸ್ತ್ರಜ್ಞರು ನಮ್ಮೂರಿಗೆ ನಾಕನೇ ವರ್ಷ ಬಂದಿದ್ರ ಒಂದು ಗಡ್ಡಿ ಕಾಣತಿದ್ದಿಲ್ಲ.

ಮಗಳು: ಆ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ನಾಕು ವರ್ಷ ಕಡಿಮಿ ಅನ್ನೂದು ಖರೇ. ನಿಮ್ಮ ಪರವಾಗಿ ಹೇಳೂ ಅಧ್ಯಯನಾನೂ ಅದಾವ. ಇಥಿಯೋಪಿಯದ ಎತ್ತರದ ಸೀಮಿಯೊಳಗ ನಮ್ಮಂಥ ಕರಿ ಎರಿ ಭಾಳ ಐತಿ. ಆ ದೇಶದ 15 ಹಳ್ಳಿ ಮನಿಗಳನ್ನ ವರ್ಷಗಟ್ಟಲೆ ಹಿಂಬಾಲಿಸಿ 2009ರಾಗ ಬರದದ್ದು ಒಂದೈತಿ. ಸರ್ವಋತು ರಸ್ತೆ ಇದ್ದ ಕಡೆ ಬಡವರ ಪ್ರಮಾಣ 6.9 ಶೇಕಡಾ ಅಂಶ ಕಡಿಮಿ ಆಗಿತ್ತು. ಮನಿ ಖರ್ಚಿನ ಬೆಳವಣಿಗಿ ಶೇ. 16.3ರಷ್ಟು ಹೆಚ್ಚಿತ್ತು. ಆದ್ರ ಅದೇ ಲೆಕ್ಕದೊಳಗ, ಕೃಷಿ ಮಾಹಿತಿ ಹೇಳಾಂವ ಒಂದು ಸಲರ ಬಂದು ಹೋದ ಮನಿಗಳೊಳಗ ಬಡತನ 9.8 ಅಂಶ ಇಳದಿತ್ತು. ಅಂದ್ರ ರಸ್ತೆಗಿಂತ ತಿಳವಳಿಕಿ ಬಡತನಾನ ಹೆಚ್ಚು ಇಳಸಿತು ಅಂತ ಆತಲ್ಲ?

ಕಾಕಾ: ರಸ್ತಾ ಇಲ್ಲದ ಊರಿಗೆ ಆ ತಿಳವಳಿಕಿ ಹೇಳಾಂವ ಬರತಾನೇನು? ನಮ್ಮ ರೈತ ಸಂಪರ್ಕ ಕೇಂದ್ರದವರು ಬೂಟು ರಾಡಿ ಆಗತೈತಂತ ಹಳ್ಳ ದಾಟೂದಿಲ್ಲ.

ಮಗಳು: ಇರಲಿ. ಹೊಲದ ಕೆಲಸ ಬಿಟ್ಟು ಹೋದವರ ಮಾತು ನೀವು ಬಿಟ್ಟೇ ಬಿಟ್ರಿ.

ಕಾಕಾ: ಹೆಂಗ ಬಿಡಲಿ? ಅದ ನನ್ನ ಹೊಟ್ಟ್ಯಾಗಿನ ಸಂಕಟ. ಮುಂಜಾನಿ ಏಳಕ್ಕ ಇಲ್ಲೇ ಬಂದು ನೋಡು. ಮೂರು ಟಂಟಂ ನಿಂತಿರತಾವ. ಹೆಣ್ಣಾಳುಗಳು ಬುತ್ತಿ ಗಂಟು ಹಿಡಕೊಂಡು ಹತ್ತಿ, ನೀರಾವರಿ ಹೊಲ ಇರೂ ಊರಿಗೆ ಹೋಗತಾರ. ಗಂಡಸರು ಗದಗ, ಹುಬ್ಬಳ್ಳಿಗೆ ಕಟ್ಟಡದ ಕೆಲಸಕ್ಕ. ಹರೇದ ಹುಡುಗರು ಗೋವಾ, ಮಂಗಳೂರು. ನನ್ನ ಹೆಸರು ಬಿಡಸಾಕ ಆಳ ಇಲ್ಲ. ಕರದ್ರ, ‘ಅಲ್ಲಿ ಪಗಾರ ಹೆಚ್ಚು ಕೊಡತಾರ, ಗಾಡಿ ಕಳಸತಾರ, ನೀವೇನ ಕೊಡತೀರಿ?’ ಅಂತ ನನ್ನನ್ನ ಕೇಳತಾರ.

ಮಗಳು: ಕೇಳಬಾರದೇನು? ಯಾಪಾರಿಗೆ ‘ಇಲ್ಲ’ ಅನ್ನೂ ತಾಕತ್ತು ನಿಮಗ ರಸ್ತೆ ಕೊಡ್ತು ಅಂದ್ರಿ. ಅದ ರಸ್ತೆ ಆಳಿಗೂ ನಿಮಗ ‘ಇಲ್ಲ’ ಅನ್ನೂ ತಾಕತ್ತು ಕೊಟ್ಟೈತಿ.

ಕಾಕಾ: ಕೊಟ್ಟೈತಿ. ತಪ್ಪು ಅನ್ನೂದಿಲ್ಲ ನಾ. ಅವರ ಅಪ್ಪಂದಿರು ಮುಂಗಡಕ್ಕ ನಮ್ಮ ಮನಿ ಮುಂದ ಕೈಕಟ್ಟಿ ನಿಂತದ್ದು ನಾ ಸಣ್ಣಾಂವ ಇದ್ದಾಗ ನೋಡೀನಿ. ಅದು ಹೋತು, ಛಲೋ ಆತು. ಆದ್ರ ಹೊಲ ಮಾಡಾವರು ಯಾರು ಅನ್ನೂದಕ್ಕ ಅದರಾಗ ಉತ್ತರ ಇಲ್ಲಲ್ಲ? ನನಗ ಹದಿನೈದು ಎಕರೆ ಐತಿ, ಮಶಿನ್ ಕರಸತೀನಿ. ಎರಡು ಎಕರೆದಾಂವ ಏನ ಮಾಡಬೇಕು? ಅಷ್ಟು ಸಣ್ಣ ಹೊಲಕ್ಕ ಮಶಿನ್‌ದಾಂವ ಬರೂದಿಲ್ಲ. ಆಳ ಹಚ್ಚಿದ್ರ ಬೆಳಿ ಪೂರ್ತಿ ಕೂಲಿಗೆ ಹೋಗತೈತಿ. ಕಡೀಕ ಅವನೂ ಹೊಲ ಲಾವಣಿಗೆ ಹಾಕಿ ಟಂಟಂ ಹತ್ತತಾನ.

ಮಗಳು: ನಾ ಕೇಳೂದೂ ಇದನ್ನ. ಒಕ್ಕಲುತನ ಛಲೋ ಆಗೂದು ಬ್ಯಾರೆ, ಒಕ್ಕಲಿನ ಮನಿ ಛಲೋ ಆಗೂದು ಬ್ಯಾರೆ. ಎರಡು ಎಕರೆದಾಂವನ ಮನಿಗೆ ವಾರದ ಪಗಾರ ಬರತೈತಿ, ಮಕ್ಕಳು ಉಣ್ಣತಾವ. ಹೊಲ ಮಾತ್ರ ಬ್ಯಾರೆಯವರ ಕೈಯಾಗ. ಇದಕ್ಕ ಅಭಿವೃದ್ಧಿ ಅನ್ನೂದೋ ಏನನ್ನೂದೋ ನನಗಿನ್ನೂ ತಿಳಿದಿಲ್ಲ. ಶಿಲ್ಪಾ ಅಗರ್ವಾಲ್ ಅನ್ನೂ ಸಂಶೋಧಕಿ ಅದೇ ಸಡಕ್ ಯೋಜನೆ ಮ್ಯಾಲ 2018ರಾಗ ಬರದದ್ದು ಇನ್ನೊಂದೈತಿ. ರಸ್ತೆ ಮುಟ್ಟಿದ ಕಡೆ ಹೊರಗಿನ ಸಾಮಾನು ಅಗ್ಗ ಆದ್ವು, ಗೊಬ್ಬರ, ಹೈಬ್ರಿಡ್ ಬೀಜ ಹೆಚ್ಚು ಬಳಕಿಗೆ ಬಂದ್ವು, ಸಣ್ಣ ಹುಡುಗರು ಸಾಲಿಗೆ ಹೆಚ್ಚು ಹೋದ್ರು. ಹದಿನಾಕು ದಾಟಿದವರು ಮಾತ್ರ ಸಾಲಿ ಬಿಟ್ಟು ದುಡಿಯಾಕ ನಿಂತರು.

ಕಾಕಾ: ನಮ್ಮೂರಾಗ ಹೆಣ್ಣುಮಕ್ಕಳು ಹೈಸ್ಕೂಲು ಕಂಡದ್ದ ಬಸ್ಸು ಬಂದಮ್ಯಾಲ. ನೀನೂ ಅದ ಬಸ್ಸು ಹತ್ತೇ ಧಾರವಾಡಕ್ಕ ಹೋದಾಕಿ.

ಮಗಳು: ಹೌದು. ನನ್ನ ಜೋಡಿ ಅದ ಬಸ್ಸಿನಾಗ ಬರತಿದ್ದ ಹುಡುಗರು ಹತ್ತನೆತ್ತೆ ಮುಗಸದ ಗೋವಾಕ್ಕ ಹೋಗಿ ಗೌಂಡಿ ಕೈಕೆಳಗ ದುಡೀತಾರ.

ಇಲ್ಲಿ ಇಬ್ಬರೂ ತುಸು ಸುಮ್ಮನಾದರು. ಈ ಬಿಡುವಿನಲ್ಲಿ ನಾನೊಂದು ಮಾತು ಸೇರಿಸುತ್ತೇನೆ, ಏಕೆಂದರೆ ಈ ಎರೆನಾಡಿಗೆ ದಾರಿಗಳು ಬಂದ ಬಗೆ ನೆನಪಿನಲ್ಲಿದ್ದರೆ ಮುಂದಿನ ಮಾತು ಸರಿಯಾಗಿ ಕೇಳಿಸುತ್ತದೆ. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕದ ಹತ್ತಿ ತಳಿ ಬಂತು. ಅರಳೆ ಹೇರಿದ ಎತ್ತುಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಇತ್ತ ತಿರುಗಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ, ಕಾರವಾರದ ಬಂದರಿಗೆ ಘಟ್ಟದಲ್ಲಿ ರಸ್ತೆ ಕಡಿದದ್ದರ ಹಿಂದೆ ಈ ಹತ್ತಿಯ ಒತ್ತಾಯವಿತ್ತು. ಹತ್ತಿಯ ದಾರಿ ಹೀಗೆ ತಯಾರಾಗಿದ್ದ ನಾಡಿನಲ್ಲೇ 1876ರಿಂದ 78ರವರೆಗಿನ ಬರದಲ್ಲಿ ಜನ ಜೋಳವಿಲ್ಲದೆ ಸತ್ತರು. ಅದಾದ ಮೇಲೆ, 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ, ಬರಪೀಡಿತ ಸೀಮೆಗೆ ಧಾನ್ಯ ತಲುಪಿಸಬೇಕೆಂಬ ಉದ್ದೇಶವನ್ನೂ ಹೊತ್ತು ಗದಗಿನ ಹಳಿ ಹಾಕಿತು. ಮಾಲು ಹೊರಗೆ ಹೋಗಲು ದಾರಿ ಬೇಗ ಆಯಿತು. ಅನ್ನ ಒಳಗೆ ಬರುವ ದಾರಿಗೆ ಅಷ್ಟು ಸಾವು ಬೇಕಾಯಿತು. ಇವತ್ತಿನ ಹಳ್ಳಿ ರಸ್ತೆಯನ್ನು ಆ ಕಾಲದ ರಸ್ತೆಗೆ ಸಮ ಮಾಡುವುದು ಅನ್ಯಾಯ. ಇದು ಊರಿನವರು ಕೇಳಿ, ಗೋಗರೆದು ಪಡೆದ ರಸ್ತೆ. ಆದರೂ ಯಾರ ಗಾಡಿ, ಯಾರ ಬೆಲೆ, ಯಾರ ಹೊಲ ಎಂದು ಕೇಳದೆ ರಸ್ತೆಯ ಕಿಲೋಮೀಟರು ಮಾತ್ರ ಎಣಿಸುವ ಚಟ ಆಗಿನಿಂದ ಈಗಿನವರೆಗೂ ಹೋಗಿಲ್ಲ ಎಂಬುದು ನನ್ನ ನಂಬಿಕೆ.

ಮಾತು ಗಾಡಿಯ ಕಡೆಗೇ ತಿರುಗಿತು.

ಮಗಳು: ಗದಗಿಗೆ ಒಂದು ಚೀಲಕ್ಕ ಬಾಡಿಗಿ ಎಷ್ಟು ಅಂತ ಯಾರು ನಿಕ್ಕಿ ಮಾಡತಾರ?

ಕಾಕಾ: ಆ ಮೂರು ಟಂಟಂದವರ. ಮೂವರದೂ ಒಂದ ರೇಟು. ಒಬ್ಬ ಕಡಿಮಿಗೆ ಬರತೀನಂದ್ರ ಉಳಿದಿಬ್ಬರು ಬಿಡೂದಿಲ್ಲ.

ಮಗಳು: ಮಧ್ಯ ಆಫ್ರಿಕಾ, ಪಶ್ಚಿಮ ಆಫ್ರಿಕಾದಾಗ ಇದ ಕಥಿ. ವಿಶ್ವಬ್ಯಾಂಕಿನವರು 2009ರಾಗ ಲೆಕ್ಕ ತಗದು ನೋಡಿದ್ರು. ಹೆದ್ದಾರಿ ಸುಧಾರಿಸಿದಮ್ಯಾಲ ಲಾರಿ ಮಾಲಕರ ಖರ್ಚು ಇಳೀತು, ಬಾಡಿಗಿ ಇಳೀಲಿಲ್ಲ. ಲಾರಿಯವರ ಕೂಟ ಸರದಿ ಹಚ್ಚಿ ಲೋಡು ಹಂಚಿಕೊಳ್ಳೂ ಪದ್ಧತಿ. ರಸ್ತೆಗೆ ಹಾಕಿದ ರೊಕ್ಕದ ಲಾಭ ಅವರ ಕಿಸೆದಾಗ ಉಳೀತು. ಸಿಯೆರಾ ಲಿಯೋನ್‌ದಾಗ ಇನ್ನೊಂದು ನಮೂನಿ. ಹಳ್ಳಿ ರಸ್ತೆ ದುರಸ್ತಿ ಆದಮ್ಯಾಲ ಸಂತಿಯೊಳಗ ಅಕ್ಕಿ, ಮರಗೆಣಸಿನ ಧಾರಣಿ ಇಳೀತು. ದೊಡ್ಡ ಪ್ಯಾಟಿಯಿಂದ ದೂರ ಇದ್ದ ಸಂತಿಯೊಳಗ ಇನ್ನೂ ಹೆಚ್ಚು ಇಳೀತು.

ಕಾಕಾ: ಮಾಲು ಸರಾಗ ಬಂದ್ರ ಧಾರಣಿ ಇಳಿಯೂದ. ಕೊಂಡು ತಿನ್ನಾಂವಗ ಛಲೋ ಆತಲ್ಲ?

ಮಗಳು: ಬೆಳಿಯಾಂವಗ ಛಲೋ ಆತೋ ಇಲ್ಲೋ ಅನ್ನೂದು ನನ್ನ ಪ್ರಶ್ನೆ. ಆ ಸಿಯೆರಾ ಲಿಯೋನ್ ಲೆಕ್ಕದಾಗ ಒಂದು ಮಾತು ನನಗ ಭಾಳ ಹಿಡಿಸಿತು. ಮೊಬೈಲ್ ಸಿಗ್ನಲ್ ಛಲೋ ಇದ್ದ ಕಡೆ ಈ ಪರಿಣಾಮ ಉಲ್ಟಾ ಆಗಿತ್ತು.

ಕಾಕಾ: ಆಗದ ಏನು? ನಾ ಚೀಲ ಹೊಲಿಯೂಕಿಂತ ಮೊದಲ ಗದಗ, ಲಕ್ಷ್ಮೇಶ್ವರ, ಹುಬ್ಬಳ್ಳಿ ಮೂರೂ ಕಡೆ ಫೋನ್ ಹಚ್ಚತೀನಿ. ಎಲ್ಲಿ ಎಷ್ಟು ಅನ್ನೂದು ತಿಳೀದ ಗಾಡಿ ಹತ್ತಿದ್ರ, ರಸ್ತಾ ಎಷ್ಟು ಛಲೋ ಇದ್ದರೂ ಕೈಕಟ್ಟಿ ಕೊಟ್ಟು ಬರೂದ. ಇದನ್ನ ಮೊದಲಿಂದ ನಾನೂ ಹೇಳಾಕತ್ತೀನಿ. ರಸ್ತಾ ಒಂದ ಸಾಲೂದಿಲ್ಲ. ನೀ ಅದನ್ನ ‘ರಸ್ತಾದಿಂದ ಆಗಲಿಲ್ಲ’ ಅಂತ ಬರೀತಿ, ನಾ ‘ರಸ್ತಾ ಇಲ್ಲದ ಆಗತಿದ್ದಿಲ್ಲ’ ಅಂತೀನಿ.

ಮಗಳು: ಮತ್ತ ರಸ್ತೆ ಎಷ್ಟು ವರ್ಷ ಇರತೈತಿ? ಬಸ್ ಇಳದು ಬರೂ ಮುಂದ ನೋಡಿದೆ. ಹಳ್ಳದ ಹತ್ರ ಅರ್ಧ ಅಂಚು ಕುಸದೈತಿ.

ಕಾಕಾ: ಎರಿ ಮ್ಯಾಲ ರಸ್ತಾ ಮಾಡೂದಂದ್ರ ಹುಡುಗಾಟಿಕಿ ಏನು? ಹಸಿ ಆದ್ರ ಉಬ್ಬತೈತಿ, ಒಣಗಿದ್ರ ಕೈ ಹಿಡಸೂವಷ್ಟು ಬಿರಿಯತೈತಿ. ಕೆಳಗ ದಪ್ಪಗ ಗರಸು ಹಾಕಿ, ಎರಡೂ ಕಡೆ ಗಟಾರ ತಗದು ನೀರು ದೂರ ಕಳಸಬೇಕು. ಗಟಾರ ತಗೀಲಿಲ್ಲಂದ್ರ ಮ್ಯಾಲ ಎಂಥಾ ಡಾಂಬರು ಇದ್ರೂ ನಿಲ್ಲೂದಿಲ್ಲ. ಐದು ವರ್ಷ ಗುತ್ತಿಗೆದಾರ ನೋಡಕೋಬೇಕಂತ ಕರಾರು ಇತ್ತು, ನೋಡಿಕೊಂಡ. ಆರನೇ ವರ್ಷದಿಂದ ಯಾರೂ ತನ್ನದು ಅನ್ನೂದಿಲ್ಲ. ಮ್ಯಾಲ ಗಾಳಿಯಂತ್ರದ ರೆಕ್ಕಿ ಹೇರಿದ ಉದ್ದನ್ನ ಗಾಡಿಗಳು ಬಂದ್ವು. ಚಕ್ಕಡಿ, ಟಂಟಂ ಸಲುವಾಗಿ ಮಾಡಿದ ರಸ್ತಾ ಅದು.

ಮಗಳು: ಗಾಳಿಯಂತ್ರದವರ ಹಿಂದಿಂದ ಹೊಲ ಕೇಳಾವರೂ ಬಂದ್ರು.

ಕಾಕಾ: ಬಂದ್ರು. 2020ರಾಗ ಭೂ ಸುಧಾರಣಾ ಕಾಯ್ದೆ ತಿದ್ದಿ, ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದು ಅಂತ ಮಾಡಿದಮ್ಯಾಲ ಕಾರಿನಾಗ ಬಂದು ಕೇಳಾವರು ಹೆಚ್ಚಾದ್ರು. ಕೇಳೂದು ರಸ್ತಾಕ್ಕ ಹತ್ತಿದ ಹೊಲ ಅಷ್ಟ. ಒಳಗಿನ ಹೊಲ ಪುಕಟ ಕೊಟ್ರೂ ಬ್ಯಾಡ ಅಂತಾರ.

ಮಗಳು: ಒಳಗಿನ ಹೊಲ ಅಂದ್ರಿ. ಅದ ನನಗ ಬೇಕಾದ ಮಾತು. ಈಗ ನಿಮ್ಮ ಹೆಸರು ಎಲ್ಲೈತಿ ಕಾಕಾ?

ಕಾಕಾ: ಎಲ್ಲಿರತೈತಿ, ಹೊಲದಾಗ.

ಮಗಳು: ಟಂಟಂ ಅಗಸ್ಯಾಗ ನಿಲ್ಲತೈತಿ ಅಂದ್ರಿ. ಮತ್ತ ಯಾಕ ಹೊಲದಾಗ ಉಳೀತು?

ಕಾಕಾ: ಕಾಯಿ ಗಿಡದಾಗ ಒಣಗಿ ನಿಂತಿದ್ವು, ಅಷ್ಟ್ರಾಗ ಮಳಿ ಹಿಡೀತು. ನಿನ್ನೆ ಹೋಗಿ ನಾಕು ಕಾಯಿ ಸುಲದು ನೋಡಿದೆ. ಒಳಗ ಕಾಳು ಉಬ್ಬಿ, ಸಿಪ್ಪಿ ಬಿಚ್ಚಿ, ಬೆಳ್ಳನ್ನ ಮೊಳಕಿ ಹೊರಗ ಬಂದಾವ. ಕೆಲವು ಕಾಯಾಗ ಕಾಳ ಕರ್ರಗಾಗ್ಯಾವ. ಇನ್ನೆರಡು ದಿನ ಹಂಗ ನಿಂತ್ರ ಟೆಂಡರಿನಾಗ ಯಾರೂ ಮೂಸೂದಿಲ್ಲ. ಮಶಿನ್‌ದಾಂವಗ ಫೋನ್ ಮಾಡಿದ್ರ ಹಳ್ಳದ ತನಕ ಬರತೀನಿ, ಆಚೆ ಬರೂದಿಲ್ಲಂತಾನ. ಹಳ್ಳ ದಾಟಿದ್ರ ಮೊಣಕಾಲು ಮಟ ರಾಡಿ. ಕಳೆದ ವರ್ಷ ಅವನ ಟ್ರ್ಯಾಕ್ಟರ್ ಹುಗದು ಕುಂತು, ಅದನ್ನ ಎಳಿಯಾಕ ಇನ್ನೊಂದು ತಂದ್ರ ಅದೂ ಹುಗೀತು.

ಮಗಳು: ಅಗಸಿಯಿಂದ ಗದಗ ಮೂವತ್ತು ಕಿಲೋಮೀಟರ್ ಮ್ಯಾಲ. ಅದನ್ನ ಒಂದು ತಾಸಿನಾಗ ಮುಟ್ಟತೀರಿ. ಅಗಸಿಯಿಂದ ನಿಮ್ಮ ಹೊಲ ಎರಡು ಕಿಲೋಮೀಟರ್. ಮೂರು ದಿನದಿಂದ ದಾಟಾಕ ಆಗವಲ್ತು. ನಾ ಬರಿಯಾಕ ಹೊಂಟದ್ದು ಇದನ್ನ. ಸರಕಾರ ಎಣಿಸಿದ್ದು ಮನಿಗಳನ್ನ. ಬೆಳಿ ಹುಟ್ಟೂದು ಹೊಲದಾಗ. 2019ರಾಗ ಸಡಕ್ ಯೋಜನೆ ಮೂರನೇ ಹಂತ ತಂದ್ರು. 1,25,000 ಕಿಲೋಮೀಟರ್ ರಸ್ತೆ ಸುಧಾರಿಸಿ ಹಳ್ಳಿ ಮಾರುಕಟ್ಟಿ, ಹೈಯರ್ ಸೆಕೆಂಡರಿ ಸಾಲಿ, ದವಾಖಾನಿಗೆ ಜೋಡಸೂದು. ಛಲೋ ಕೆಲಸನ. ಆದ್ರ ಅದೂ ಊರಿನಿಂದ ಆಚೆಗೆ. ಊರಿನಿಂದ ಹೊಲದ ಕಡೆ ಹೋಗೂ ದಾರಿ ಯಾರ ಲೆಕ್ಕದಾಗೂ ರಸ್ತೆ ಅಲ್ಲ. ಆಮ್ಯಾಲ ಬೆಳಿಯೊಳಗ ಬದಲಾವಣೆ ಕಾಣಲಿಲ್ಲಂತ ನಮ್ಮಂಥವರು ಆಶ್ಚರ್ಯ ಪಡತೀವಿ.

ಕಾಕಾ: ನರೇಗಾದಾಗ ಹೊಲದ ದಾರಿ ಮಾಡತಿದ್ರಲ್ಲ. ನಮ್ಮೂರಾಗೂ ಮಾಡಿದ್ರು. ಗರಸು ಹಾಕಿ ಹೋದ್ರು, ಗಟಾರ ತಗೀಲಿಲ್ಲ. ಎರಡನೇ ಮಳಿಗಾಲಕ್ಕ ಗರಸು ಎರಿಯೊಳಗ ಇಳದು ಹೋತು.

ಮಗಳು: ಅದು ಹಳ್ಳದ ಈಚಿನ ದಾರಿ. ಆಚೆ ಯಾಕ ಮಾಡಲಿಲ್ಲ? ಸಿಟ್ಟಾಗಬ್ಯಾಡ್ರಿ, ಕೇಳತೀನಿ. ನೀವು ಜಾಗ ಬಿಡಲಿಲ್ಲಂತ ಊರಾಗ ಅಂತಾರ.

ಕಾಕಾ: ಅಂತಾರ. ಯಾಕ ಬಿಡಲಿಲ್ಲ ಅಂತ ಯಾರೂ ಕೇಳೂದಿಲ್ಲ.

ಮಗಳು: ನಾ ಕೇಳಾಕತ್ತೀನಿ.

ಕಾಕಾ: ಸರ್ವೆ ನಕಾಶದಾಗ ಐತಲ್ಲ, ಅದು ಚಕ್ಕಡಿ ದಾರಿ. ಎಂಟು ಫೂಟು. ನಮ್ಮಪ್ಪನ ಕಾಲದಿಂದ ಬಿಟ್ಟೀವಿ. ಆಚೆ ಹೊಲದ ಎಂಟು ಮನಿಯವರು ಅದರ ಮ್ಯಾಲ ಹಾಯ್ದು ಹೋಗತಾರ, ಒಂದಿನ ತಡದಿಲ್ಲ. ಈಗ ಟ್ರ್ಯಾಕ್ಟರ್, ಮಶಿನ್ ಹೋಗಬೇಕು, ಹನ್ನೆರಡು ಫೂಟು ಬೇಕಂತಾರ. ನನ್ನ ಬದುವಿಗುಂಟ ಒಂದು ಫರ್ಲಾಂಗ್ ಉದ್ದಕ್ಕ ನಾಕು ಫೂಟು.

ಮಗಳು: ಎರಡೂವರೆ ಗುಂಟೆ ಸೈತ ಆಗೂದಿಲ್ಲ.

ಕಾಕಾ: ಗುಂಟೆದ ಮಾತು ಅಲ್ಲವಾ. ಹದಿನೈದು ಎಕರೆದಾಂವ ಎರಡು ಗುಂಟೆಕ್ಕ ಜಗಳಾ ತಗೀತಾನೇನು? ದಾರಿ ಎತ್ತರಿಸಿ ಗರಸು ಹಾಕಿದ್ರ ಅದು ಒಡ್ಡು ಆಗತೈತಿ. ಮ್ಯಾಲಿನ ಹೊಲದ ನೀರು ಪೂರ್ತಿ ನನ್ನ ಹೊಲದಾಗ ನಿಲ್ಲತೈತಿ. ಹೆಸರು ಕಿತ್ತಮ್ಯಾಲ ಅದ ಹೊಲಕ್ಕ ಕಡ್ಲಿ ಬಿತ್ತಬೇಕು ನಾ. ನೀರು ನಿಂತ ಎರಿ ಹದಕ್ಕ ಬರೂದ್ರಾಗ ಬಿತ್ತಿಗಿ ಹೊತ್ತು ಮೀರಿರತೈತಿ. ಗಾಳಿಯಂತ್ರದವರು ಮೋರಿ ಇಡದ ದಾರಿ ಎತ್ತರಿಸಿದ್ರಲ್ಲ, ಅದರ ಬಾಜೂ ಹೊಲ ಹೋಗಿ ನೋಡಿ ಬಾ. ನಡುವ ಜಂಬು ಹುಲ್ಲು ಬೆಳದೈತಿ.

ಮಗಳು: ಹಂಗಾದ್ರ ಮೋರಿ ಇಡಸ್ರಿ. ಎರಡು ಕಡೆ ಪೈಪ್ ಹಾಕಿದ್ರ ನೀರು ಕೆಳಗ ಹೋಗತೈತಿ.

ಕಾಕಾ: ಅದನ್ನ ಹೇಳಿದೆ. ಅಂದಾಜು ಪಟ್ಟಿಯೊಳಗ ಪೈಪಿಗೆ ರೊಕ್ಕ ಇಲ್ಲಂದ್ರು. ಗ್ರಾಮಸಭಾದಾಗ ಎದ್ದು ನಿಂತು ಕೇಳಾವರು ಬೇಕು. ಆಚೆ ಹೊಲದ ಎಂಟು ಮನಿಯವರು ಮುಂಜಾನಿ ಏಳಕ್ಕ ಟಂಟಂ ಹತ್ತಿ ಹೋಗಿರತಾರ. ಅವರ ದಾರಿ ಸಲುವಾಗಿ ನಾನ ಹೊಡದಾಡಬೇಕೇನು?

ಮಗಳು: ಅವರು ಹೋಗೂದ ದಾರಿ ಇಲ್ಲ ಅಂತ ಕಾಕಾ. ಬೆಳದದ್ದು ಮನಿಗೆ ಬರೂದಿಲ್ಲಂದ್ರ ಕೂಲಿಗೆ ಹೋಗೂದ ವಾಸಿ.

ಕಾಕಾ: ಕೂಲಿ ಛಲೋ ಸಿಗತೈತಂತ ಹೋಗತಾರೋ, ಹೊಲಕ್ಕ ದಾರಿ ಇಲ್ಲಂತ ಹೋಗತಾರೋ, ನಿನಗೆಂಗ ಗೊತ್ತು? ನಾಳೆ ಹನ್ನೆರಡು ಫೂಟು ದಾರಿ ಆತಂತ ತಿಳಕೋ. ಅವರು ತಿರುಗಿ ಬಂದು ಹೊಲ ಮಾಡತಾರ ಅಂತ ಬರದು ಕೊಡತೀ ಏನು? ಹೊಲ ಮಾರಾಕ ಹಾದಿ ಸರಾಗ ಆತಂದು ಮಾರಿ ಹೋದ್ರ?

ಮಗಳು: ಬರದು ಕೊಡಾಕ ಆಗೂದಿಲ್ಲ. ಮಾರಿದ್ರೂ ಈಗಿಗಿಂತ ಹೆಚ್ಚು ರೊಕ್ಕಕ್ಕ ಮಾರತಾರ. ಅದು ಅವರ ಆಯ್ಕೆ.

ಕಾಕಾ: ಅವರ ಆಯ್ಕೆ, ನನ್ನ ಬದು.

ಮಗಳು: ಸಭಾ ಸಂಜಿಗೆ ಕರಿಯಾಕ ಹೇಳ್ರಿ. ಸಂಜಿಗೆ ಟಂಟಂ ತಿರುಗಿ ಬಂದಿರತಾವ, ಅವರೂ ಬರತಾರ.

ಕಾಕಾ: ಅದಾಗಲಿ. ಕರಿಯಾಕ ಹೇಳತೀನಿ. ಆದ್ರ ಎರಡು ಪೈಪ್ ಬರದ ಕಾಗದ ನನ್ನ ಕೈಯಾಗ ಬಂದ ದಿನ ಬದು ಕೀಳಸತೀನಿ. ಮೊದಲ ಬದು ಕೀಳಸು, ಪೈಪ್ ಆಮ್ಯಾಲ ಅಂದ್ರ ಆಗೂದಿಲ್ಲ.

ಮಗಳು: ಅವರು ಮೊದಲ ಜಾಗ ಅಂತಾರ, ನೀವು ಮೊದಲ ಪೈಪ್ ಅಂತೀರಿ. ಅಷ್ಟ್ರಾಗ ಕಡ್ಲಿ ಹಂಗಾಮು ಬರತೈತಿ.

ಕಾಕಾ: ಬರಲಿ. ನಿನಗ ಅಂದಾಜು ಪಟ್ಟಿ ಓದಾಕ ಬರತೈತಲ್ಲ? ಸೋಮವಾರ ನನ್ನ ಜೋಡಿ ಪಂಚಾಯತಿಗೆ ಬಾ. ಅಲ್ಲಿ ನನ್ನ ಪರ ಮಾತಾಡಬ್ಯಾಡ. ಅವರ ಪರಾನೂ ಬ್ಯಾಡ. ನೀರು ಯಾವ ಕಡೆ ಇಳೀತೈತಿ ಅನ್ನೂದಷ್ಟ ಹೇಳು.

ಮಗಳು: ಹೇಳತೀನಿ. ಆಚೆ ಎಂಟು ಮನಿಯವರ ಹೊಲದಾಗ ಎಷ್ಟು ಹೆಸರು ಮೊಳಕಿ ಒಡದೈತಿ ಅನ್ನೂದನ್ನೂ ಹೇಳತೀನಿ.